ಹನ್ನೆರಡನೆಯ ಹಾಡು

ಎರಡನೆಯ ಚರಣದ ನಡುವೆ ಶ್ರೀಪಾಲ ರೆಕಾರ್ಡಿಂಗು ನಿಲ್ಲಿಸಿ ಕೈ ಎತ್ತಿದ. ಇಸ್ರಾರ ಹಾಡು ನಿಲ್ಲಿಸಿದ. ಹೊರಗಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರು ಎಳೆದುಕೊಂಡು, ಟೇಪು ಗಟ್ಟಿಯಾಗಿ ಹಚ್ಚಿಕೊಂಡು ಹೊರಟಿತ್ತು. ಗೋಡೆಗೆ ತೂಗುಬಿಟ್ಟ ಕೌದಿಗಳು ಮನೆಯೊಳಗಿನ ಸದ್ದನ್ನು ನುಂಗುತ್ತಿದ್ದವು. ಹೊರಗಿನ ಈ ಸದ್ದನ್ನು ನುಂಗುವ ಶಕ್ತಿ ಅವಕ್ಕಿರಲಿಲ್ಲ. ಕಿಟಕಿಯ ಗಾಜು ನಡುಗಿ ಸುಮ್ಮನಾಗುವವರೆಗೆ ಇಬ್ಬರೂ ಕಾದರು. ಆಮೇಲೆ ಇಸ್ರಾರ ಪಕ್ಕದಲ್ಲಿದ್ದ ಪಾಟಿಯ ಮೇಲೆ ಬಳಪದಿಂದ ಬರೆದ: 'ಮೂರ ಸಲ ಕೆಟ್ಟಿತು.'

ಅವನು ಮಾತಾಡಿ ಎಂಟು ದಿನವಾಗಿತ್ತು. ಗಂಟಲಲ್ಲಿ ಸಣ್ಣ ಗಂಟಿದೆ, ತೆಗೆಯಬೇಕು, ತೆಗೆದ ಮೇಲೆ ಇದೇ ದನಿ ಉಳಿದೀತೆಂದು ಹೇಳಲಾರೆ ಎಂದಿದ್ದರು ಮಿರಜಿನ ಡಾಕ್ಟರು. ನಾಳೆ ಬೆಳಗ್ಗೆ ಅಲ್ಲಿ ಭರ್ತಿಯಾಗಬೇಕು. ಅಲ್ಲಿಯತನಕ ಬಾಯಿ ತೆರೆಯಬೇಡ ಎಂದೂ ಹೇಳಿದ್ದರು. ಇಸ್ರಾರ ತಂಗಿಯ ಮಗಳ ಪಾಟಿ ಇಸಿದುಕೊಂಡು ಎಂಟು ದಿನ ಆ ಮಾತನ್ನು ಪಾಲಿಸಿದ್ದ. ಡಾಕ್ಟರಿಗಾಗಿ ಅಲ್ಲ, ಒಂಬತ್ತನೆಯ ದಿನದ ಈ ಸಂಜೆಗಾಗಿ.

ಅವರು ತಮ್ಮ ಬ್ಯಾಂಡಿಗೆ 'ನಾಕಾ', ಅಂದರೆ ಗಡಿಯ ಚೆಕ್‌ಪೋಸ್ಟು, ಎಂದು ಹೆಸರಿಟ್ಟದ್ದು ಚಿಕ್ಕೋಡಿಯ ಕಾಲೇಜಿನಲ್ಲಿ ಓದುವಾಗ. ಒಂಬತ್ತು ವರ್ಷ, ಹನ್ನೊಂದು ಹಾಡು. ಸಾಂಗಲಿಯಲ್ಲಿ ಮರಾಠಿ ಹಾಡಿರಿ ಎಂದರು, ಬೆಳಗಾವಿಯಲ್ಲಿ ಹಿಂದಿ ಹಾಡಿರಿ ಎಂದರು. ನಿಪ್ಪಾಣಿಯ ಕಾಲೇಜು ಗ್ಯಾದರಿಂಗಿನಲ್ಲಿ ಭಾಷಣ ಮುಗಿಯುವವರೆಗೆ ತಡೆಯಿರಿ ಎಂದರು, ಭಾಷಣ ಮುಗಿಯಲಿಲ್ಲ. ಡ್ರಮ್ಮು ಬಾರಿಸುತ್ತಿದ್ದ ಅಭಿನಂದನ ದ್ರಾಕ್ಷಿ ನೋಡಿಕೊಳ್ಳಲು ತೆಲಸಂಗಕ್ಕೆ ಹೋದ, ಡ್ರಮ್ಮೂ ಅವನೊಂದಿಗೆ ಹೋಯಿತು. ಶೇಡಬಾಳದಲ್ಲಿ, ಶ್ರೀಪಾಲನ ಮನೆಯ ಈ ರಸ್ತೆ ಬದಿಯ ಕೋಣೆಯಲ್ಲಿ ಉಳಿದದ್ದು ಒಂದು ಮೈಕು, ಶ್ರೀಪಾಲನ ಕೀಬೋರ್ಡು, ಮತ್ತು ಒಂದು ನೇಮ. ಹಾಡನ್ನು ತುಂಡು ಮಾಡಿ ಜೋಡಿಸುವುದಿಲ್ಲ. ಮೊದಮೊದಲು ಹಾಗೆ ಜೋಡಿಸುವುದು ಅವರಿಗೆ ಬರುತ್ತಿರಲಿಲ್ಲ. ಬಂದ ಮೇಲೂ ಇಸ್ರಾರ ಒಪ್ಪಲಿಲ್ಲ. ಕೆಟ್ಟರೆ ಮತ್ತೆ ಮೊದಲಿನಿಂದ.

"ಇವತ್ತರ ಜೋಡಿಸೂಣಲೇ," ಎಂದ ಶ್ರೀಪಾಲ. "ಯಾರಿಗೆ ಗೊತ್ತಾಗತೈತಿ?"

ಇಸ್ರಾರ ತೋಳಿನಿಂದ ಪಾಟಿ ಒರೆಸಿದ. ಮೈಕನ್ನು ಮತ್ತೆ ಬಾಯಿಯ ಹತ್ತಿರಕ್ಕೆ ಎಳೆದುಕೊಂಡ.

ಬಾಗಿಲಲ್ಲಿ ಶ್ರೀಪಾಲನ ತಾಯಿ ಸುಗಂಧಾ ಬಂದು ನಿಂತಳು. "ಹೊತ್ತ ಮುಳುಗಾಕ ಬಂತು. ತಾಟ ಹಾಕೇನಿ, ಏಳ." ಹೊತ್ತು ಮುಳುಗಿದ ಮೇಲೆ ಜೈನರ ಆ ಮನೆಯಲ್ಲಿ ಯಾರೂ ಬಾಯಿಗೆ ಅನ್ನ ಹಾಕುವವರಲ್ಲ. ಒಂಬತ್ತು ವರ್ಷದಲ್ಲಿ ಎಷ್ಟೋ ಹಾಡು ಅವಳ ಈ ಕರೆಗೇ ಅರ್ಧಕ್ಕೆ ನಿಂತಿದ್ದವು.

"ಇವತ್ತ ಬಿಡವ್ವ," ಎಂದ ಶ್ರೀಪಾಲ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.

ಸುಗಂಧಾ ಮಗನನ್ನು ನೋಡಿದಳು. ಖಾಲಿ ಪಾಟಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಇಸ್ರಾರನನ್ನು ನೋಡಿದಳು. "ಎಷ್ಟ ಹೊತ್ತಿನ ಹಾಡದು?"

"ನಾಕ ಮಿನಿಟ."

ಅವಳು ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದಳು.

ನಾಲ್ಕನೆಯ ಸಲ ಇಸ್ರಾರ ಶುರು ಮಾಡಿದಾಗ ದನಿಯಲ್ಲಿ ಆಗಲೇ ಮರಳು ಸೇರಿತ್ತು. ಇನ್ನೊಂದು ಸಲಕ್ಕೆ ಇದು ಉಳಿಯುವುದಿಲ್ಲ ಎಂದು ಶ್ರೀಪಾಲನಿಗೆ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮೊದಲ ಚರಣ ದಾಟುವ ಮುಂಚೆಯೇ ದೂರದಿಂದ ಇನ್ನೊಂದು ಟ್ರ್ಯಾಕ್ಟರು ಬಂತು. ಈ ಸಲ ಶ್ರೀಪಾಲ ಕೈ ಎತ್ತುವ ಮೊದಲೇ ಇಸ್ರಾರ ನಿಲ್ಲಿಸಿದ್ದ.

ಟೇಪಿನ ಹಾಡಿಗೆ ಯಾರೋ ಢಬಢಬ ಡೋಲು ಸೇರಿಸಿದ್ದರು, ವೇಗ ಒಂದೂವರೆ ಪಟ್ಟು ಮಾಡಿದ್ದರು. ಆದರೂ ಎರಡು ಸಾಲಿನಲ್ಲಿ ಶ್ರೀಪಾಲನಿಗೆ ಗುರುತು ಹತ್ತಿತು. ಅವರ ಮೊದಲ ಹಾಡು. ಕಡೆಯ ಬಸ್ಸು ತಪ್ಪಿಸಿಕೊಂಡು ಖುಷಿಪಡುವ ಹುಡುಗನ ಹಾಡು. ಇಪ್ಪತ್ತರ ಇಸ್ರಾರನ ದನಿ ಆ ವೇಗಕ್ಕೆ ಸಿಕ್ಕು ಚಿಕ್ಕ ಮಗುವಿನದಾಗಿತ್ತು. ಇಸ್ರಾರ ಕಣ್ಣು ಮುಚ್ಚಿ ಕೇಳುತ್ತಿದ್ದ.

ಸಾಲಿನ ನಡುವೆಯೇ ಟೇಪು ನಿಂತಿತು. ಇಂಜಿನ್ನೂ ನಿಂತಿತು. ಕಿಟಕಿಯಿಂದ ಸುಗಂಧಾಳ ಮಾತು ಕೇಳಿಸಿತು.

"ಒಂದೀಟ ಟೇಪ ಬಂದ್ ಇಡಪಾ. ಒಳಗ ಹುಡುಗೂರು ಹಾಡಾಕತ್ತಾವ."

"ಯಾಕ್ರಿ ಕಾಕೂ, ನನ್ನ ಹಾಡ ಚಲೋ ಇಲ್ಲೇನ್ರಿ?" ಎಂದ ಡ್ರೈವರ.

"ಚಲೋ ಐತಿ. ಯಾರದದು?"

"ಯಾರದೋ ಏನ್ರಿ. ಮೆಮರಿ ಕಾರ್ಡಿನ್ಯಾಗ ಬಂದೈತಿ. ಫ್ಯಾಕ್ಟರಿ ಮುಂದ ಪಾಳಿಗೆ ನಿಂತಾಗ ಇದೊಂದ ಇಲ್ಲಂದ್ರ ನಿದ್ದಿ ಬಂದ ಬಿಡತೈತ್ರಿ."

ಇದೇ ಕೋಣೆಯಿಂದ ನೂರು ಸಲ ಕೇಳಿದ್ದ ಹಾಡಿನ ಗುರುತು ಅವ್ವನಿಗೆ ಹತ್ತಿರಲಿಲ್ಲ. ಅದು ತಮ್ಮದೇ ಹಾಡೆಂದು ಹೇಳಿಬರಲು ಶ್ರೀಪಾಲ ಎದ್ದ. ಇಸ್ರಾರ ಅವನ ಅಂಗಿ ಹಿಡಿದು ಜಗ್ಗಿ ಕೂರಿಸಿ, ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದ.

ಐದನೆಯ ಸಲ. ಪಲ್ಲವಿ ದಾಟಿತು, ಮೊದಲ ಚರಣ ದಾಟಿತು. ಕಡೆಯ ಚರಣದಲ್ಲಿ ಒಂದು ಶಬ್ದಕ್ಕೆ ದನಿ ಹೊರಡಲೇ ಇಲ್ಲ, ಬರೀ ಉಸಿರು ಬಂತು. ಇಸ್ರಾರ ನಿಲ್ಲಿಸಲಿಲ್ಲ. ಶ್ರೀಪಾಲನೂ ಕೈ ಎತ್ತಲಿಲ್ಲ. ಕೀಬೋರ್ಡಿನ ಕೊನೆಯ ಸ್ವರ ಕೌದಿಗಳೊಳಗೆ ಕರಗಿ ಹೋಯಿತು. ಆಮೇಲೆ ಶ್ರೀಪಾಲ ಹಾಡನ್ನು ಉಳಿಸಿಟ್ಟ. ಮತ್ತೆ ಹಚ್ಚಿ ಕೇಳಲಿಲ್ಲ.

ಕಿಟಕಿಯಲ್ಲಿ ಬೆಳಕಿರಲಿಲ್ಲ. ತುಂಬಿದ ಎರಡು ಟ್ರೇಲರುಗಳು ಇನ್ನೂ ಅಲ್ಲೇ ಇದ್ದವು. ಅವುಗಳ ಮುಂದೆ ಅವ್ವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

ಇಸ್ರಾರ ಪಾಟಿ ಎತ್ತಿಕೊಂಡು ಬರೆದು, ಶ್ರೀಪಾಲನ ಕೈಗೆ ಕೊಟ್ಟ: 'ಡ್ರೈವರಗ ಹೇಳು, ಇನ್ನ ಹಾಡ ಹಚ್ಚಲಿ.'