ನೀಲಿ ಏಪ್ರನ್

ಯಹ್ಯಾ ಬೆನ್ನ ಹಿಂದಿನ ಗಂಟಿಗೆ ಕೈ ಹಾಕಿ ನೀಲಿ ಏಪ್ರನ್ ಬಿಚ್ಚುತ್ತಿದ್ದಂತೆ ಸೂಪರ್‌ವೈಸರ್ ನೂರುದ್ದೀನ್, "ಇರಲಿ ಭಾವ, ಬಿಚ್ಚಬೇಡ" ಎಂದ.

ದುಬೈಯ ದೇರಾದ ಆ ಸೂಪರ್‌ಮಾರ್ಕೆಟ್ಟಿನಲ್ಲಿ ಹಸಿರು ಏಪ್ರನ್ನಿನವರು ಅಂಗಡಿಯ ಸ್ವಂತ ನೌಕರರು, ಹೆಂಡತಿಯನ್ನು ಕರೆಸಿಕೊಳ್ಳಬಹುದು. ನೀಲಿಯವರು ಬಾಡಿಗೆಗೆ ಜನ ಒದಗಿಸುವ ಸಪ್ಲೈ ಕಂಪನಿಯ ಆಳುಗಳು, ಅವರಿಗೆ ಆ ಭಾಗ್ಯವಿಲ್ಲ. ಯಹ್ಯಾ ತರಕಾರಿ ವಿಭಾಗದ ಹಸಿರಿನವನು. ಮೀನಿನ ಕಡೆ ನೀಲಿಯವರು ಸಾಲದಾದಾಗ, ಭಟ್ಕಳದ ನೆರೆಮನೆಯ ಸಲುಗೆಯಲ್ಲಿ ಭಾವ ಎನ್ನುತ್ತಿದ್ದ ನೂರುದ್ದೀನನೇ ಅವನಿಗೆ ನೀಲಿ ಕಟ್ಟಿ, "ಇವತ್ತೊಂದು ದಿವಸ" ಎಂದಿದ್ದ. ಆ ಒಂದು ದಿವಸ ತಿಂಗಳುಗಟ್ಟಲೆ ನಡೆಯಿತು. ಅಷ್ಟರಲ್ಲಿ ಯಹ್ಯಾನ ಕೈಚಳಕ ಎಷ್ಟು ಹೆಸರಾಯಿತೆಂದರೆ, ಅವನ ಚೂರಿ ಕಂಡೊಡನೆ ಅಂಜಲ್ ಮೀನು ತಾನಾಗಿಯೇ ಚರ್ಮ ಕಳಚಿ ಮಲಗುತ್ತಿತ್ತು, ಅರ್ಧ ಅಬುಧಾಬಿಯೇ ಬಂದು ಸಾಲುಗಟ್ಟುತ್ತಿತ್ತು.

"ಹುಮೈರಾ ಊರಲ್ಲಿ ಪೆಟ್ಟಿಗೆ ಕಟ್ಟಿ ಕೂತಿದ್ದಾಳೆ ಮಾರಾಯ. ಅವಳ ವೀಸಾಕ್ಕೆ ಹಾಕ್ಬೇಕು, ನಾನು ತರಕಾರಿಗೇ ಹೋಗ್ತೇನೆ."

"ಅಲ್ಲಿಗೆ ಬೇರೆಯವ ಬಂದ. ನಿನ್ನನ್ನು ಸಪ್ಲೈ ಕಂಪನಿಗೆ ಹಾಕಿಯಾಯ್ತು."

"ಯಾರು ಹಾಕಿದ್ದು?"

"ಮೀನು ಕೊಯ್ಯುವುದರಲ್ಲಿ ದುಬೈಯಲ್ಲೇ ನನ್ನಂಥವ ಇಲ್ಲ ಅಂತ ನೀನೇ ಹೇಳ್ತಿದ್ಯಲ್ಲ. ನಾನೂ ಮ್ಯಾನೇಜರಿಗೆ ಅದನ್ನೇ ಹೇಳಿದೆ."

"ಹುಮೈರಾಗೆ ಏನು ಹೇಳ್ಲಿ?"

ನೂರುದ್ದೀನ್ ಆಗಲೇ ಗಿರಾಕಿಯ ಕಡೆ ತಿರುಗಿದ್ದ. "ಯಾವ ಮೀನು ಬೇಕು ಮೇಡಂ? ಇವ ನಮ್ಮವನೇ, ಚೆನ್ನಾಗಿ ಕೊಯ್ದು ಕೊಡ್ತಾನೆ."