ಒಂದೂವರೆ ವರ್ಷದ ಕಾರ್ಡು

ಡಾಕ್ಟರು ಮೂರು ಸಲ ಹೆಸರು ಹಿಡಿದು ಕರೆದರು. ಐದು ವರ್ಷದ ಹರಿಣಿ ತಿರುಗಿ ನೋಡಲಿಲ್ಲ. ತಾಯಿಯ ಬ್ಯಾಗಿನ ಜಿಪ್ಪನ್ನು ತೆಗೆಯುತ್ತಾ ಹಾಕುತ್ತಾ ಕೂತಿದ್ದಳು.

"ಇದು ಆಟಿಸಂ. ಎರಡು ವರ್ಷದೊಳಗೆ ಬಂದಿದ್ರೆ ಆಗಲೇ ತರಬೇತಿ ಶುರು ಮಾಡಬಹುದಿತ್ತು. ಈಗ್ಲೂ ಮಾಡೋಣ. ಆದ್ರೆ ಮಾತು ಬರುತ್ತೆ ಅಂತ ನಾನು ಹೇಳಲಾರೆ."

ತಾಯಿ ತಲೆಯಾಡಿಸಿದಳು.

ಡಾಕ್ಟರು ಫೈಲಿನಿಂದ ಹಳದಿ ಕಾರ್ಡೊಂದನ್ನು ತೆಗೆದರು. ಮಗುವಿಗೆ ಒಂದೂವರೆ ವರ್ಷವಾದಾಗ ಅಂಗನವಾಡಿಯಲ್ಲಿ ತುಂಬಿದ ತಪಾಸಣೆಯ ಕಾರ್ಡು.

"ನೋಡಿ, ಕರೆದರೆ ತಿರುಗುತ್ತದೆಯೇ, ಹೌದು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಅದಕ್ಕೂ ಹೌದು. ಆಗ ತೋರಿಸ್ತಿದ್ಲಾ?"

"ಇಲ್ಲ ಮೇಡಂ."

"ಮತ್ತೆ? ಈ ಅಂಗನವಾಡಿಯವರು ಮೀಟಿಂಗಿಗೆ ಮುಂಚೆ ಕೂತಲ್ಲೇ ಊರಿನ ಮಕ್ಕಳ ಕಾರ್ಡೆಲ್ಲ ತುಂಬಿಬಿಡ್ತಾರೆ. ಒಂದು ಮಗೂನೂ ಕರೆದು ನೋಡಲ್ಲ. ಇಲ್ಲ ಅಂತ ಬರೆದ್ರೆ ಜಿಲ್ಲಾಸ್ಪತ್ರೆಗೆ ಕಳಿಸಬೇಕಲ್ಲ, ಆ ರಗಳೆ ಯಾಕೆ ಅಂತ. ಇದನ್ನ ಬಿಡಬಾರದು. ದೂರು ನಾನು ಬರೀತೀನಿ, ಕೆಳಗೆ ನೀವು ಸಹಿ ಹಾಕಿ."

"ಬೇಡ ಮೇಡಂ."

"ಹೆದರ್ಬೇಡಿ. ಇನ್ನೊಂದು ಮಗೂಗೆ ಹೀಗಾಗಬಾರದು."

ಡಾಕ್ಟರು ಬರೆದು ಮುಂದಿಟ್ಟ ದೂರನ್ನು ತಾಯಿ ಓದಿದಳು. ಆಮೇಲೆ ದುಂಡಗೆ ಸಹಿ ಹಾಕಿ ಕಾಗದವನ್ನು ಮುಂದಕ್ಕೆ ಸರಿಸಿದಳು.

ದೂರಿನ ಜೊತೆ ಹಳದಿ ಕಾರ್ಡನ್ನು ಸೇರಿಸಿ ಪಿನ್ ಹೊಡೆಯಲು ಹೋದ ಡಾಕ್ಟರು ಹಾಗೇ ನಿಂತರು. ಕಾರ್ಡಿನ ಕೆಳಗೆ, ಅಂಗನವಾಡಿ ಕಾರ್ಯಕರ್ತೆ ಎಂದಿದ್ದ ಜಾಗದಲ್ಲಿ, ದುಂಡಗಿನ ಅದೇ ಸಹಿ ಇತ್ತು.