ಚಿಕ್ಕತಾಯಿ ಬೀಗ

ಬೆಂಕಿ ಬಿದ್ದರೆ ಓಡಿಹೋಗಲೆಂದು ಗಾರ್ಮೆಂಟ್ಸಿನಲ್ಲಿ ಇಟ್ಟಿದ್ದ ಬಾಗಿಲಿಗೆ ದಿನವೂ ಬೀಗ. ಹೆಂಗಸರು ಹೊತ್ತಿಗೆ ಮುಂಚೆ ಎದ್ದು ಹೋಗಿಬಿಟ್ಟರೆ ಮಾಲೀಕರ ಗತಿಯೇನು! ಅಲ್ಲೇ ಹೊಲಿಗೆ ಕೆಲಸದ ಚಿಕ್ಕತಾಯಿ ಆ ಬೀಗದ ವಿಡಿಯೋವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಬಂದಳು. ಕಾರ್ಮಿಕ ಇಲಾಖೆಯ ದೂರಿನ ವೆಬ್‌ಸೈಟಿಗೆ ಅದನ್ನು ಹೆಸರಿಲ್ಲದೆ ಹಾಕಬೇಕಿತ್ತು.

"ಅದು ಹೆಸರು ಕೇಳೋದೇ ಇಲ್ಲಕ್ಕ, ಭಯ ಬಿಡಿ," ಎಂದು ಅಂಗಡಿಯವನು ಅಪ್‌ಲೋಡ್ ಒತ್ತಿದ.

ಪರದೆಯ ಮೇಲೆ ಫೈಲಿನ ಹೆಸರು ಮೂಡಿತು: ಚಿಕ್ಕತಾಯಿ ಬೀಗ. ಯಾರ ಕಾಗದ ಬಂದರೂ ಅವರ ಹೆಸರಿಟ್ಟು ಉಳಿಸುವುದು ಅವನ ರೂಢಿ. ಅವಳು ಪರದೆಗೆ ಕೈ ಅಡ್ಡ ಹಿಡಿದಳು.

"ತೆಗೀರಣ್ಣ. ನನ್ ಕೆಲ್ಸ ಹೋಯ್ತದೆ."

ಅವನು ಎರಡು ಸಲ ಮೌಸ್ ಒತ್ತಿ ನೋಡಿದ. "ಒಂದ್ ಸಲ ಹೋದ್ರೆ ಯಾರ್ ಕೈಲೂ ತೆಗಿಯಕ್ಕಾಗಲ್ಲಕ್ಕ. ಸೇಫ್ಟಿಗೆ ಅಂತ ಹಂಗೆ ಮಾಡವ್ರೆ."

"ಯಾರ ಸೇಫ್ಟಿಗೆ?"



ಮೂರನೇ ದಿನ ಮ್ಯಾನೇಜರ್ ಕರೆಸಿದ. ಹತ್ತು ವರ್ಷದಿಂದ ಮಿಷನ್ನಿನ ನಂಬರು ಹಿಡಿದು "ಏಯ್ ಹದಿನಾಲ್ಕು" ಎಂದೇ ಅವಳನ್ನು ಕೂಗುತ್ತಿದ್ದವನು. ಮೇಜಿನ ಮೇಲೆ ಇಲಾಖೆಯ ನೋಟಿಸು, ಅದರಲ್ಲಿ ಫೈಲಿನ ಹೆಸರು; ಪಕ್ಕದಲ್ಲಿ ಬಾಗಿಲಿನಿಂದ ಬಿಚ್ಚಿ ತಂದ ಅದೇ ಬೀಗ. ಅವನು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿದ.

"ಆ ಫೈಲು ಹಾಕಿದ್ದು ಯಾರು?"

ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ನಾನೇ ಸಾರ್," ಎಂದಳು.

ಅವನು ತನ್ನ ಕುರ್ಚಿಯನ್ನೇ ಅವಳತ್ತ ಎಳೆದುಕೊಟ್ಟ.

"ಕೂತ್ಕೊಳ್ಳಿ ಚಿಕ್ಕತಾಯಮ್ಮೋರೆ. ಮೂರು ಜನ ಕಂಪ್ಯೂಟರ್‌ನೋರನ್ನ ಕರೆಸಿ ನೋಡ್ದೆ, ಯಾರ ಕೈಲೂ ಆಗ್ಲಿಲ್ಲ. ದಯವಿಟ್ಟು ನೀವೇ ಅದನ್ನ ಅಳಿಸ್ಬಿಡಿ."